ಇಪ್ಪತ್ನಾಲ್ಕರಿಂದ ಎಂಟಕ್ಕೆ: ಒಂದು ಯುವ ಸಂಘದ ವಾರ್ಷಿಕ ಯೋಜನೆ

ಯುವ ಸಂಘವೊಂದರ ಕಾರ್ಯದರ್ಶಿ ನನ್ನನ್ನು ಕಾಣಲು ಬಂದಾಗ ಅವರ ಕೈಯಲ್ಲಿ ಎರಡು ಹಾಳೆಗಳಿದ್ದವು. ಕಳೆದ ವರ್ಷದ ಆರಂಭದಲ್ಲಿ ಕಾರ್ಯಕಾರಿ ಸಮಿತಿ ಒಪ್ಪಿದ್ದ 24 ಕಾರ್ಯಕ್ರಮಗಳ ಪಟ್ಟಿ ಒಂದು ಹಾಳೆಯಲ್ಲಿತ್ತು. ಅವುಗಳಲ್ಲಿ ನಿಜವಾಗಿ ನಡೆದ 11 ಕಾರ್ಯಕ್ರಮಗಳ ಚುಟುಕು ವರದಿ ಇನ್ನೊಂದರಲ್ಲಿತ್ತು. ಮುಂದಿನ ವರ್ಷಕ್ಕೆ ಮೂರನೆಯ ಹಾಳೆಯೊಂದನ್ನು ಸಿದ್ಧಪಡಿಸಬೇಕು, ಅದು ಕಾಗದದಲ್ಲೇ ಉಳಿಯದಂತೆ ಮಾಡಲು ನೆರವು ಬೇಕು ಎಂಬುದು ಅವರ ಕೋರಿಕೆ. ತೊಂದರೆ ಎಲ್ಲಿದೆ ಎಂದು ಕೇಳಿದಾಗ ಅವರು ತಡಮಾಡದೆ ಹೇಳಿದರು: "ಈಗಿನವರಿಗೆ ಆಸಕ್ತಿಯೇ ಇಲ್ಲ ಸರ್. ಎಷ್ಟು ಕರೆದರೂ ಬರುವುದಿಲ್ಲ. ಬಂದರೂ ಎರಡು ದಿನ."

ಆ ಸಂಘದ ಜೊತೆ ಸುಮಾರು ಒಂದು ವರ್ಷ ಒಡನಾಡಿದ ಅನುಭವವನ್ನು ಇಲ್ಲಿ ದಾಖಲಿಸಿದ್ದೇನೆ. ಸಂಘದ ಹೆಸರನ್ನೂ ಸದಸ್ಯರ ಹೆಸರುಗಳನ್ನೂ ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ. ಎಲ್ಲರನ್ನೂ ಅವರವರ ಹೊಣೆಯ ಹೆಸರಿನಿಂದಲೇ ಕರೆದಿದ್ದೇನೆ.

ಸಂಘದ ಸ್ಥಿತಿ

ಸಂಘಕ್ಕೆ ಆರು ವರ್ಷ ವಯಸ್ಸು. ಸದಸ್ಯತ್ವ ಪುಸ್ತಕದಲ್ಲಿ 46 ಹೆಸರುಗಳಿದ್ದು, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇನ್ನೂ 18 ತುಂಬಿರಲಿಲ್ಲ. ವಾರಕ್ಕೊಮ್ಮೆ ಸಂಜೆ ಎರಡು ಗಂಟೆಗಳ ಸಭೆ ನಡೆಯುತ್ತಿತ್ತು. ಕಾರ್ಯಕಾರಿ ಸಮಿತಿಯ ಏಳೂ ಮಂದಿ ಸಂಘ ಕಟ್ಟಿದ ಮೊದಲ ತಂಡದವರೇ. ಆಗ ವಿದ್ಯಾರ್ಥಿಗಳಾಗಿದ್ದವರು ಈಗ ಉದ್ಯೋಗಸ್ಥರು. ಹಣದ ಮುಗ್ಗಟ್ಟು ಇತ್ತಾದರೂ ಪ್ರಾಣ ಹಿಂಡುವಷ್ಟು ಇರಲಿಲ್ಲ. ವರ್ಷದ ಆರಂಭದಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಹಾಜರಿ ಕೊನೆಗೆ ಹದಿಮೂರು ಹದಿನಾಲ್ಕಕ್ಕೆ ಇಳಿದಿತ್ತು.

ಕಾರ್ಯದರ್ಶಿಗಳ ರೋಗನಿರ್ಣಯವನ್ನು ಒಪ್ಪುವುದಕ್ಕೂ ಅಲ್ಲಗಳೆಯುವುದಕ್ಕೂ ಮೊದಲು ಮೂರು ಪುಸ್ತಕಗಳನ್ನು ಕೇಳಿ ಪಡೆದುಕೊಂಡೆ: ಹಾಜರಿ ಪುಸ್ತಕ, ನಡಾವಳಿ ಪುಸ್ತಕ, ಜಮಾ-ಖರ್ಚಿನ ಪುಸ್ತಕ. ಯಾವ ಸಂಘವೇ ಆಗಲಿ, ತನ್ನ ಬಗ್ಗೆ ತಾನು ಹೇಳಿಕೊಳ್ಳುವುದಕ್ಕಿಂತ ಹೆಚ್ಚಿನದನ್ನು ಈ ಮೂರರಲ್ಲಿ ತನಗೇ ಗೊತ್ತಿಲ್ಲದೆ ಬರೆದಿಟ್ಟಿರುತ್ತದೆ.

ಹಾಜರಿ ಪುಸ್ತಕದ ಮಾತು ಕಾರ್ಯದರ್ಶಿಗಳ ಮಾತಿಗಿಂತ ಬೇರೆಯಾಗಿತ್ತು. ಹಳಬರು ಸಂಘವನ್ನು ಬಿಟ್ಟು ಹೋಗಿರಲಿಲ್ಲ. ಪರೀಕ್ಷೆಯ ತಿಂಗಳುಗಳಲ್ಲಿ ತಪ್ಪಿಸಿಕೊಂಡರೂ ಮತ್ತೆ ಬರುತ್ತಿದ್ದರು. ಆ ವರ್ಷ ಹೊಸದಾಗಿ ಸೇರಿದ್ದ 19 ಮಂದಿಯಲ್ಲಿ 12 ಮಂದಿಯ ಹೆಸರಿನ ಮುಂದೆ ಮೂರನೆಯ ಸಭೆಯ ಬಳಿಕ ಒಂದು ಸಹಿಯೂ ಇರಲಿಲ್ಲ. ಆಸಕ್ತಿಯೇ ಇಲ್ಲದವರು ತಾವಾಗಿ ಬಂದು ಹೆಸರು ಬರೆಸಿ ಮೂರು ಸಂಜೆಗಳನ್ನು ಕಳೆಯುವುದಿಲ್ಲ. ಅವರು ಆಸಕ್ತಿಯಿಂದಲೇ ಬಂದಿದ್ದರು. ಆ ಮೂರು ಸಂಜೆಗಳಲ್ಲಿ ಅದು ಎಲ್ಲಿ ಸೋರಿಹೋಯಿತು ಎಂಬುದನ್ನು ನಾವು ಹುಡುಕಬೇಕಿತ್ತು.

ನಡಾವಳಿ ಪುಸ್ತಕ ಇನ್ನೂ ಸ್ಪಷ್ಟವಾಗಿ ಮಾತನಾಡಿತು. ಒಂದು ಪುಟದಲ್ಲಿ ಹೀಗಿತ್ತು: "ಪರಿಸರ ದಿನಾಚರಣೆಯನ್ನು ಅದ್ದೂರಿಯಾಗಿ ಆಚರಿಸಲು ತೀರ್ಮಾನಿಸಲಾಯಿತು. ಸಸಿಗಳನ್ನು ತರಿಸಲು ನಿರ್ಧರಿಸಲಾಯಿತು. ಸಂಬಂಧಪಟ್ಟವರಿಗೆ ತಿಳಿಸಲು ಸೂಚಿಸಲಾಯಿತು." ಮುಂದಿನ ವಾರದ ಪುಟದಲ್ಲಿ: "ಸಸಿಗಳು ಬಾರದ ಬಗ್ಗೆ ಚರ್ಚಿಸಲಾಯಿತು." ಪುಸ್ತಕದ ತುಂಬ ಇದೇ ಧಾಟಿ. ನಮ್ಮ ಭಾಷೆಯ ಈ 'ಲಾಯಿತು' ಎಂಬ ರೂಪ ಎಷ್ಟು ಅನುಕೂಲದ್ದೆಂದರೆ, ಅದನ್ನು ಬಳಸಿ ಒಬ್ಬರ ಹೆಸರನ್ನೂ ಎತ್ತದೆ ಒಂದು ವರ್ಷದ ಆಡಳಿತವನ್ನೇ ನಡೆಸಿಬಿಡಬಹುದು. ಸಸಿ ತರಿಸುವವರು ಯಾರು, ಯಾವ ದಿನದೊಳಗೆ, ಎಲ್ಲಿಂದ ಎಂಬುದು ಯಾವ ವಾಕ್ಯದಲ್ಲೂ ಇರಲಿಲ್ಲ. ಬರೆಯದೆ ಉಳಿದ ಕೆಲಸ ಕಡೆಯ ಗಳಿಗೆಯಲ್ಲಿ ಅದೇ ನಾಲ್ಕು ಮಂದಿಯ ಹೆಗಲಿಗೆ ಬೀಳುತ್ತಿತ್ತು. ಅವರು ಮಾಡಿದರೆ ಆಯಿತು, ಇಲ್ಲವಾದರೆ ಇಲ್ಲ. ನಡೆದ 11 ಕಾರ್ಯಕ್ರಮಗಳಲ್ಲಿ ಏಳನ್ನು ನಡೆಸಿದವರು ಆ ನಾಲ್ವರೇ.

ಜಮಾ-ಖರ್ಚಿನ ಪುಸ್ತಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವರ್ಷದ ವೆಚ್ಚದ ಅರ್ಧಕ್ಕಿಂತ ಹೆಚ್ಚು ಪಾಲು ಎರಡು ದಿನಗಳ ಕ್ರೀಡಾ ಪಂದ್ಯಾವಳಿಗೂ ವಾರ್ಷಿಕೋತ್ಸವದ ವೇದಿಕೆ, ಧ್ವನಿವರ್ಧಕಗಳಿಗೂ ಹೋಗಿತ್ತು. ಲೆಕ್ಕ ಶುದ್ಧವಾಗಿತ್ತು, ಆದರೆ ಸದಸ್ಯರ ಮುಂದೆ ಅದನ್ನು ಓದಿದ್ದು ವರ್ಷಕ್ಕೆ ಒಮ್ಮೆ ಮಾತ್ರ.

ಬಿಟ್ಟುಹೋದವರ ಮಾತು

ಯೋಜನಾ ಸಭೆಗೆ ಮೊದಲು ಎರಡು ವಾರ ಕೇಳಿಸಿಕೊಳ್ಳುವ ಕೆಲಸ ನಡೆಯಿತು. ಸಮಿತಿಯವರು ಮೊದಲು ಸಿದ್ಧಪಡಿಸಿದ್ದ ಪ್ರಶ್ನೆ "ಮುಂದಿನ ವರ್ಷ ನಿಮಗೆ ಯಾವ ಯಾವ ಕಾರ್ಯಕ್ರಮಗಳು ಬೇಕು?" ಎಂಬುದಾಗಿತ್ತು. ಅದನ್ನು ಕೈಬಿಡುವಂತೆ ಕೇಳಿಕೊಂಡೆ, ಏಕೆಂದರೆ ಹೀಗೆ ಕೇಳಿದರೆ ಬರುವುದು ಇನ್ನೊಂದು ಪಟ್ಟಿ, ಅದೂ ಬೇರೆ ಯಾರೋ ಮಾಡಿಕೊಡಲಿ ಎಂಬ ನಿರೀಕ್ಷೆಯ ಪಟ್ಟಿ. ಅದರ ಬದಲು ಚೀಟಿಯಲ್ಲಿ ಒಂದೇ ಪ್ರಶ್ನೆ ಇಟ್ಟೆವು: "ಕಳೆದ ವರ್ಷ ಸಂಘದಲ್ಲಿ ನೀವು ನಿಮ್ಮ ಕೈಯಾರೆ ಮಾಡಿದ ಕೆಲಸ ಯಾವುದು?" ವಾಪಸು ಬಂದ 31 ಚೀಟಿಗಳಲ್ಲಿ 14 ಖಾಲಿಯಾಗಿದ್ದವು. ಇನ್ನು ಕೆಲವುಗಳಲ್ಲಿ "ಸ್ವಾಗತ ಗೀತೆ ಹಾಡಿದೆ", "ಹೂಗುಚ್ಛ ಕೊಟ್ಟೆ" ಎಂದಿತ್ತು.

ಮೂರು ಸಭೆಗೆ ಬಂದು ನಿಂತುಹೋದವರಲ್ಲಿ ಐವರನ್ನು ಕಾರ್ಯದರ್ಶಿಗಳೂ ನಾನೂ ಖುದ್ದಾಗಿ ಮಾತನಾಡಿಸಿದೆವು. ಹದಿನಾರು ವರ್ಷದ ಒಬ್ಬ ಹುಡುಗಿ ಮೊದಲು ಓದಿನ ನೆಪ ಹೇಳಿದಳು. ಸ್ವಲ್ಪ ಹೊತ್ತಿನ ನಂತರ, ಕಾರ್ಯದರ್ಶಿಗಳ ಮುಖ ನೋಡದೆ, ನಿಧಾನವಾಗಿ ಹೇಳಿದಳು: "ಮೂರು ಸಲವೂ ನಾನು ಬರುವಷ್ಟರಲ್ಲಿ ಕುರ್ಚಿ ಹಾಕಿ ಮುಗಿದಿರುತ್ತಿತ್ತು ಅಣ್ಣ. ಕೂತೆ, ಕೇಳಿದೆ, ಎದ್ದು ಬಂದೆ. ನಾನು ಬಂದಿದ್ದೇ ನಿಮಗೆ ಗೊತ್ತಾಗಿರಲಿಕ್ಕಿಲ್ಲ." ಹೊಸಬರಿಗೆ ಕುರ್ಚಿ ಎತ್ತುವಂಥ ಕೆಲಸ ಹೇಳಿದರೆ ಬೇಸರಪಟ್ಟುಕೊಂಡಾರು ಎಂದು ಸಮಿತಿಯ ಹಿರಿಯರೇ ಬೇಗ ಬಂದು ಎಲ್ಲವನ್ನೂ ಹಾಕಿಡುತ್ತಿದ್ದರು. ಅದನ್ನು ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸಭೆ ಕತ್ತಲಾದ ಮೇಲೆ ಮುಗಿಯುವುದರಿಂದ ಮನೆಯಲ್ಲಿ ಒಪ್ಪುವುದಿಲ್ಲ ಎಂಬ ಇನ್ನೊಂದು ಕಾರಣವನ್ನೂ ಅವಳು ಹೇಳಿದಳು. ಬೇರೆ ಇಬ್ಬರು ಹುಡುಗಿಯರೂ ಇದನ್ನೇ ಹೇಳಿದರು.

ಮಕ್ಕಳ ಮತ್ತು ಕಿರಿಯರ ಪಾಲ್ಗೊಳ್ಳುವಿಕೆಯ ಬಗ್ಗೆ ಬಹಳ ಬಳಕೆಯಲ್ಲಿರುವ ಒಂದು ಚೌಕಟ್ಟು ಇಲ್ಲಿ ನೆರವಿಗೆ ಬಂತು. ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಅಳೆಯಲು ಶೆರ್ರಿ ಅರ್ನ್‌ಸ್ಟೈನ್ 1969ರಲ್ಲಿ ಏಣಿಯ ರೂಪಕವೊಂದನ್ನು ಮುಂದಿಟ್ಟಿದ್ದರು. ಅದನ್ನು ರೋಜರ್ ಹಾರ್ಟ್ ಮಕ್ಕಳಿಗೂ ಕಿರಿಯರಿಗೂ ಹೊಂದಿಸಿ, 1992ರಲ್ಲಿ ಯುನಿಸೆಫ್ ಪ್ರಕಟಣೆಯೊಂದರಲ್ಲಿ ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ಅದರ ಕೆಳಗಿನ ಮೂರು ಮೆಟ್ಟಿಲುಗಳಾದ ಬಳಸಿಕೊಳ್ಳುವಿಕೆ, ಅಲಂಕಾರ ಮತ್ತು ತೋರಿಕೆಯ ಪ್ರಾತಿನಿಧ್ಯವನ್ನು ಅವರು ಪಾಲ್ಗೊಳ್ಳುವಿಕೆ ಎಂದು ಪರಿಗಣಿಸುವುದೇ ಇಲ್ಲ. ಹೂಗುಚ್ಛದ ಚೀಟಿ, ಸ್ವಾಗತ ಗೀತೆಯ ಚೀಟಿಗಳನ್ನು ಈ ಏಣಿಯ ಚಿತ್ರದ ಪಕ್ಕದಲ್ಲಿಟ್ಟಾಗ ಸಮಿತಿಯಲ್ಲಿ ಯಾರೂ ಮಾತನಾಡಲಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯನ್ನೂ ಅವರಿಗೆ ನೆನಪಿಸಿದೆ: ಸ್ವಂತ ಅಭಿಪ್ರಾಯ ರೂಪಿಸಿಕೊಳ್ಳಬಲ್ಲ ಮಗುವಿಗೆ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅದನ್ನು ಹೇಳುವ ಹಕ್ಕಿದೆ, ವಯಸ್ಸು ಮತ್ತು ಪ್ರೌಢಿಮೆಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು. ಅರ್ಧದಷ್ಟು ಸದಸ್ಯರು 18ರ ಒಳಗಿರುವ ಸಂಘಕ್ಕೆ ಇದು ದೂರದ ಕಾನೂನಿನ ಮಾತಲ್ಲ.

ಗಂಟೆಗಳ ಲೆಕ್ಕ

ಯೋಜನೆಗೆಂದು ಇಡೀ ಒಂದು ದಿನವನ್ನು ಮೀಸಲಿಡಲಾಯಿತು. 27 ಮಂದಿ ಬಂದರು. (ಮೀಸಲಿಟ್ಟವರು ಕಾರ್ಯದರ್ಶಿಗಳು. 'ಲಾಯಿತು' ನನ್ನ ಕೈಯನ್ನೂ ಬಿಡುತ್ತಿಲ್ಲ.) ಕಾರ್ಯಕ್ರಮಗಳ ಹೆಸರನ್ನು ಮಧ್ಯಾಹ್ನದವರೆಗೆ ಯಾರೂ ಎತ್ತಬಾರದು ಎಂಬ ಒಂದು ನಿಯಮವನ್ನು ಬೆಳಗ್ಗೆಯೇ ಮಾಡಿಕೊಂಡೆವು. ಅದನ್ನು ಪಾಲಿಸುವುದು ಅಧ್ಯಕ್ಷರಿಗೆ ಬಹಳ ಕಷ್ಟವಾಯಿತು.

ಮೊದಲು ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ, ಹೆಸರು ಬರೆಯದೆ, ವಾರದ ಸಭೆಯನ್ನು ಬಿಟ್ಟು ತಿಂಗಳಿಗೆ ಎಷ್ಟು ಗಂಟೆಗಳನ್ನು ಸಂಘಕ್ಕೆ ನಿಜವಾಗಿ ಕೊಡಬಲ್ಲೆವು ಎಂದು ಬರೆದರು. ಒಂಬತ್ತು ಮಂದಿ ಹತ್ತು ಗಂಟೆ, ಹನ್ನೆರಡು ಮಂದಿ ಐದು ಗಂಟೆ, ಆರು ಮಂದಿ ಎರಡು ಗಂಟೆ ಎಂದು ಬರೆದಿದ್ದರು. ಒಟ್ಟು 162 ಗಂಟೆ. ಪರೀಕ್ಷೆಯ ಎರಡು ತಿಂಗಳುಗಳಲ್ಲಿ ಇದರ ಅರ್ಧ ಎಂದಿಟ್ಟುಕೊಂಡರೆ ವರ್ಷಕ್ಕೆ 1,782 ಗಂಟೆಗಳಾಗುತ್ತವೆ. ಸಂಘದ ಬಂಡವಾಳವೇ ಇಷ್ಟು. ಆರು ವರ್ಷಗಳಲ್ಲಿ ಅವರು ಹಣವನ್ನು ಪೈಸೆಪೈಸೆ ಲೆಕ್ಕವಿಟ್ಟಿದ್ದರು, ಇದನ್ನು ಮಾತ್ರ ಒಮ್ಮೆಯೂ ಎಣಿಸಿರಲಿಲ್ಲ.

ಆಮೇಲೆ ವೆಚ್ಚದ ಬದಿಯನ್ನು ತೆಗೆದುಕೊಂಡೆವು. ಕಳೆದ ವರ್ಷ ನಡೆದ 11 ಕಾರ್ಯಕ್ರಮಗಳಿಗೆ ತಲಾ ಎಷ್ಟು ಗಂಟೆ ಹಿಡಿಯಿತು ಎಂದು, ಆಯಾ ಕೆಲಸ ಮಾಡಿದವರ ನೆನಪಿನಿಂದಲೇ ಲೆಕ್ಕ ಹಾಕಿದೆವು. ಪೂರ್ವಭಾವಿ ಸಭೆ, ಅನುಮತಿ ಪತ್ರ, ಅತಿಥಿಗಳ ಮನೆಗೆ ಹೋಗಿಬಂದದ್ದು, ಗೆರೆ ಎಳೆದದ್ದು, ಮುಗಿದ ಮೇಲೆ ಕಸ ಗುಡಿಸಿದ್ದು ಎಲ್ಲವೂ ಸೇರಿದವು. ಕಸ ಗುಡಿಸಿದ ಗಂಟೆಗಳನ್ನು ಸೇರಿಸಲು ಹೇಳಿದವನು ಹದಿನೇಳರ ಒಬ್ಬ ಹುಡುಗ. ಅಷ್ಟು ಹೊತ್ತು ಅದು ಯಾರ ನೆನಪಿಗೂ ಬಂದಿರಲಿಲ್ಲ, ಏಕೆಂದರೆ ನೆನಪಿನಿಂದ ಹೇಳುತ್ತಿದ್ದವರು ಯಾರೂ ಗುಡಿಸಿರಲಿಲ್ಲ. ಒಟ್ಟು 1,320 ಗಂಟೆ, ಅಂದರೆ ಕಾರ್ಯಕ್ರಮವೊಂದಕ್ಕೆ ಸರಾಸರಿ 120. ಪಂದ್ಯಾವಳಿಯೊಂದೇ 310 ಗಂಟೆಗಳನ್ನು ನುಂಗಿತ್ತು. ಈ ಸರಾಸರಿಯಲ್ಲಿ 24 ಕಾರ್ಯಕ್ರಮಗಳನ್ನು ನಡೆಸಲು 2,880 ಗಂಟೆ ಬೇಕಿತ್ತು. ಕಳೆದ ವರ್ಷದ ಪಟ್ಟಿ ಬರೆದ ದಿನವೇ ಸೋತಿತ್ತು; ಆಸಕ್ತಿಯ ಕೊರತೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಚೀಟಿಯಲ್ಲಿ ಬರೆದ ಗಂಟೆಗಳನ್ನು ಪೂರ್ತಿಯಾಗಿ ನಂಬುವ ಹಾಗೂ ಇರಲಿಲ್ಲ. ಮನುಷ್ಯರು ತಾವು ಮಾಡಬೇಕಾದ ಕೆಲಸಕ್ಕೆ ಹಿಡಿಯುವ ಸಮಯವನ್ನು, ಹಿಂದಿನ ಅನುಭವ ಕಣ್ಣೆದುರಿಗೇ ಇದ್ದರೂ, ಕಡಿಮೆ ಅಂದಾಜು ಮಾಡುವ ಚಾಳಿಯನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾನ್‌ಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿಯೇ ಗುರುತಿಸಿ 'ಯೋಜನಾ ಭ್ರಮೆ' ಎಂಬರ್ಥದ ಹೆಸರು ಕೊಟ್ಟಿದ್ದರು. ಉತ್ಸಾಹದ ಅಂದಾಜನ್ನು ಬದಿಗಿಟ್ಟು ಅಂಥದೇ ಕೆಲಸಗಳು ಹಿಂದೆ ಹೇಗೆ ನಡೆದವು ಎಂಬ ದಾಖಲೆಯನ್ನು ಆಧರಿಸುವುದೇ ಅದಕ್ಕೆ ಅವರು ಸೂಚಿಸಿದ ಮದ್ದು. ಅದರಂತೆ ಖಜಾಂಚಿ 1,782ರ ಮೂರನೇ ಎರಡು ಭಾಗವನ್ನು ಮಾತ್ರ ಖಾತ್ರಿ ಎಂದು ಹಿಡಿಯೋಣ ಎಂದರು. 1,188 ಗಂಟೆ ಉಳಿಯಿತು. ಗೋಡೆಯ ಮೇಲೆ ಆ ಅಂಕಿಯನ್ನು ದೊಡ್ಡದಾಗಿ ಬರೆದು ಊಟಕ್ಕೆ ಎದ್ದೆವು.

ಗುರಿಗಳನ್ನು ಬರೆದದ್ದು

ಮಧ್ಯಾಹ್ನ ಮೊದಲು ಬಂದ ಗುರಿಗಳು ಎಲ್ಲ ಸಂಘಗಳ ಕರಪತ್ರಗಳಲ್ಲಿಯೂ ಇರುವಂಥವೇ: ಯುವಜನರಲ್ಲಿ ನಾಯಕತ್ವ ಗುಣ ಬೆಳೆಸುವುದು, ಸಮಾಜಸೇವೆ, ಪರಿಸರ ಜಾಗೃತಿ, ಸರ್ವತೋಮುಖ ಅಭಿವೃದ್ಧಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳುತ್ತ ಹೋದೆ: ವರ್ಷದ ಕೊನೆಯ ದಿನ ಇದು ಆಯಿತೋ ಇಲ್ಲವೋ ಎಂಬುದು ನಮ್ಮಲ್ಲಿ ಜಗಳವಾಗದಂತೆ ಗೊತ್ತಾಗುವುದು ಹೇಗೆ? 'ಸರ್ವತೋಮುಖ' ಮೊದಲು ಬಿದ್ದುಹೋಯಿತು.

ಗುರಿಗಳು ಹೇಗಿರಬೇಕು ಎಂಬುದಕ್ಕೆ ತರಬೇತಿಗಳಲ್ಲೆಲ್ಲ ಹೇಳಿಕೊಡುವ 'ಸ್ಮಾರ್ಟ್' (SMART) ಎಂಬ ಐದು ಇಂಗ್ಲಿಷ್ ಅಕ್ಷರಗಳ ಸೂತ್ರ ಸಮಿತಿಯವರಿಗೂ ಗೊತ್ತಿತ್ತು; ಗುರಿಗೆ ಇರಬೇಕಾದ ಒಂದೊಂದು ಗುಣಕ್ಕೆ ಒಂದೊಂದು ಅಕ್ಷರ. ಅದರ ಮೂರನೆಯ ಅಕ್ಷರವಾದ 'ಎ'ಗೆ (A) 'ಸಾಧಿಸಬಹುದಾದ' ಎಂದು ಅರ್ಥ ಹೇಳುವುದು ಈಗಿನ ರೂಢಿ. ಆದರೆ ಜಾರ್ಜ್ ಡೋರನ್ 1981ರಲ್ಲಿ ಈ ಸೂತ್ರವನ್ನು ಬರೆದಾಗ ಆ ಅಕ್ಷರ ನಿಂತಿದ್ದುದು 'ಇಂಥವರಿಗೆ ವಹಿಸಬಹುದಾದ' ಎಂಬುದಕ್ಕೆ: ಕೆಲಸವನ್ನು ಯಾರು ಮಾಡುತ್ತಾರೆ ಎಂದು ಹೇಳಬೇಕು ಎಂಬರ್ಥದಲ್ಲಿ. ಕಾಲಕ್ರಮದಲ್ಲಿ ಈ ಅರ್ಥ ಸವೆದುಹೋದದ್ದು ನನ್ನ ಮಟ್ಟಿಗೆ ದೊಡ್ಡ ನಷ್ಟ, ಏಕೆಂದರೆ ಈ ಸಂಘದ ನಡಾವಳಿ ಪುಸ್ತಕದಲ್ಲಿ ಕಾಣೆಯಾಗಿದ್ದುದೂ ಅದೇ ಅಕ್ಷರ. ಅಂದಿನಿಂದ ನಡಾವಳಿಯ ಪ್ರತಿ ಗೊತ್ತುವಳಿಯೂ ಒಬ್ಬರ ಹೆಸರಿನಿಂದ ಆರಂಭವಾಗಬೇಕು, ತಾರೀಕಿನಲ್ಲಿ ಮುಗಿಯಬೇಕು ಎಂದು ಸಭೆ ಒಪ್ಪಿತು.

ಸಂಜೆಯ ಹೊತ್ತಿಗೆ ಮೂರು ಗುರಿಗಳು ಉಳಿದವು. ಈ ವರ್ಷ ಹೊಸದಾಗಿ ಸೇರುವವರಲ್ಲಿ ಮೂರನೇ ಎರಡರಷ್ಟು ಮಂದಿ ಆರನೆಯ ತಿಂಗಳಲ್ಲಿಯೂ ಸಭೆಗೆ ಬರುತ್ತಿರಬೇಕು, ಅದಕ್ಕಾಗಿ ಪ್ರತಿಯೊಬ್ಬರ ಕೈಗೂ ಮೂರನೆಯ ಸಭೆಯೊಳಗೆ ಒಂದು ಕೆಲಸ ಸೇರಿರಬೇಕು ಎಂಬುದು ಮೊದಲನೆಯದು. ಇದುವರೆಗೆ ಯಾವ ಕೆಲಸದ ಮುಂದಾಳುತನವನ್ನೂ ವಹಿಸದ 12 ಮಂದಿ ವರ್ಷದೊಳಗೆ ಒಂದೊಂದು ಕೆಲಸವನ್ನು ಆರಂಭದಿಂದ ಲೆಕ್ಕ ಒಪ್ಪಿಸುವವರೆಗೆ ನಡೆಸಬೇಕು ಎಂಬುದು ಎರಡನೆಯದು. ಚದುರಿದ ಸೇವಾ ಕಾರ್ಯಗಳ ಬದಲು ಕಿರಿಯ ಮಕ್ಕಳಿಗೆ ಓದು-ಬರಹದ ನೆರವು ನೀಡುವ ಒಂದೇ ಕೆಲಸವನ್ನು ವಾರಕ್ಕೊಮ್ಮೆ ತಪ್ಪದೆ ಮಾಡಬೇಕು ಎಂಬುದು ಮೂರನೆಯದು. ಇವುಗಳಲ್ಲಿ ಎರಡು ಗುರಿಗಳು ಹೊರಗಿನ ಲೋಕಕ್ಕೆ ಕಾಣುವಂಥವಲ್ಲ, ಪತ್ರಿಕೆಯಲ್ಲಿ ಫೋಟೊ ಬರುವಂಥವೂ ಅಲ್ಲ. ಅಧ್ಯಕ್ಷರು ಇದನ್ನು ಎತ್ತಿ ಹೇಳಿದರು, ಅದು ತಪ್ಪು ಮಾತೂ ಆಗಿರಲಿಲ್ಲ: ಸಂಘಕ್ಕೆ ದೇಣಿಗೆ ಬರುವುದು ಕಾಣುವ ಕೆಲಸಗಳಿಂದಲೇ.

ಪಂದ್ಯಾವಳಿಯ ವಾದ

ಚಟುವಟಿಕೆಗಳ ಆಯ್ಕೆಯಲ್ಲಿ ಹೆಚ್ಚಿನವು ಬೇಗ ತೀರ್ಮಾನವಾದವು. ಕಳೆದ ವರ್ಷದ ಪಟ್ಟಿಯಲ್ಲಿ ಒಂಬತ್ತು 'ದಿನಾಚರಣೆ'ಗಳಿದ್ದವು: ಜೂನ್ 5ರ ಪರಿಸರ ದಿನ, ಆಗಸ್ಟ್ 12ರ ಅಂತರರಾಷ್ಟ್ರೀಯ ಯುವ ದಿನ, ಡಿಸೆಂಬರ್ 5ರ ಸ್ವಯಂಸೇವಕರ ದಿನ ಇತ್ಯಾದಿ. ಬೇರೆಯವರು ಮಾಡಿಟ್ಟ ಕ್ಯಾಲೆಂಡರನ್ನು ನಕಲು ಮಾಡಿಕೊಂಡರೆ ವರ್ಷ ತುಂಬಿದಂತೆ ಕಾಣುತ್ತದೆ, ಯೋಚಿಸುವ ಕಷ್ಟವೂ ತಪ್ಪುತ್ತದೆ ಎಂಬುದೇ ಅವುಗಳ ಆಕರ್ಷಣೆ ಎಂದು ನಾನು ಕಟುವಾಗಿಯೇ ಹೇಳಿದೆ. ಒಂಬತ್ತರಲ್ಲಿ ಒಂದೇ ಉಳಿಯಿತು: ಜೂನ್ 14ರ ವಿಶ್ವ ರಕ್ತದಾನಿಗಳ ದಿನದ ಆಸುಪಾಸಿನಲ್ಲಿ ರಕ್ತದಾನ ಶಿಬಿರ. ಬಹಳಷ್ಟು ಕಡೆ ರಕ್ತ ಕೊಡಲು 18 ವರ್ಷ ತುಂಬಿರಬೇಕು ಎಂಬ ನಿಯಮವಿರುವುದರಿಂದ ಅರ್ಧ ಸಂಘ ಬರಿದೇ ನೋಡುತ್ತ ನಿಲ್ಲುವ ಅಪಾಯವಿತ್ತು. ಆದ್ದರಿಂದ ದಾನಿಗಳ ಹೆಸರು ನೋಂದಣಿ, ವಿಶ್ರಾಂತಿಯ ಜಾಗದ ಮೇಲ್ವಿಚಾರಣೆ, ಮರುದಿನ ದಾನಿಗಳಿಗೆ ಕರೆ ಮಾಡಿ ವಿಚಾರಿಸುವುದು ಇವೆಲ್ಲ ಕಿರಿಯರ ಹೊಣೆಯಾದವು.

ವಾದ ಕಾವೇರಿದ್ದು ಪಂದ್ಯಾವಳಿಯ ಬಗ್ಗೆ. 310 ಗಂಟೆ ಎಂದರೆ ಗೋಡೆಯ ಮೇಲಿದ್ದ 1,188ರ ಕಾಲು ಭಾಗಕ್ಕಿಂತಲೂ ಹೆಚ್ಚು. ಅಷ್ಟು ಶ್ರಮಪಟ್ಟು ನಡೆಸಿದ ಪಂದ್ಯಾವಳಿಯಲ್ಲಿ ಆಡುವವರು ಬಹುಪಾಲು ಹೊರಗಿನ ತಂಡಗಳವರು, ಸಂಘದ ಸದಸ್ಯರು ನೀರು ಹಂಚುವವರು. ಇದನ್ನು ಅಂಕಿಗಳ ಸಮೇತ ಮುಂದಿಟ್ಟು ಪಂದ್ಯಾವಳಿಯನ್ನು ಒಂದು ವರ್ಷ ನಿಲ್ಲಿಸಬಹುದೇ ಎಂದು ಕೇಳಿದೆ. ಅಧ್ಯಕ್ಷರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಈ ಸಂಘ ಹುಟ್ಟಿದ್ದೇ ಆ ಪಂದ್ಯಾವಳಿಯಿಂದ ಸರ್. ಗಂಟೆ ಲೆಕ್ಕ ಹಾಕಿದ್ದರೆ ಸಂಘವೇ ಇರುತ್ತಿರಲಿಲ್ಲ." ನಾನು ಅಲ್ಲಿ ಎಡವಿದ್ದೆ. ಗಂಟೆಗಳ ಲೆಕ್ಕ ಏನನ್ನು ಮಾಡಲು ಸಾಧ್ಯ ಎಂಬುದನ್ನು ಹೇಳುತ್ತದೆಯೇ ಹೊರತು, ಯಾವುದು ಮಾಡಲು ಯೋಗ್ಯ ಎಂಬುದನ್ನು ಹೇಳುವುದಿಲ್ಲ. ಆ ಎರಡನೆಯ ಪ್ರಶ್ನೆಯನ್ನು ನಾನು ಸಂಘದವರಿಗೆ ಬಿಡಬೇಕಿತ್ತು.

ಹೊರದಾರಿ ತೋರಿಸಿದವನು ಕಸದ ಗಂಟೆಗಳ ಲೆಕ್ಕ ಕೇಳಿದ ಹುಡುಗ. ಪಂದ್ಯಾವಳಿ ಇರಲಿ, ಆದರೆ ಎರಡು ದಿನದ್ದು ಒಂದೇ ದಿನಕ್ಕಿಳಿಯಲಿ, ಸದಸ್ಯರದ್ದೇ ಎರಡು ತಂಡಗಳಾದರೂ ಆಡಲಿ, ನಡೆಸುವ ಹೊಣೆ 20ರ ಒಳಗಿನವರಿಗೆ ಸಿಗಲಿ, ಅಧ್ಯಕ್ಷರು ಸಲಹೆಗಾರರಾಗಿರಲಿ ಎಂದು ಅವನು ಹೇಳಿದ. "ಸಲಹೆ ಕೇಳಿದಾಗ ಮಾತ್ರ" ಎಂದು ಹಿಂದಿನ ಸಾಲಿನಿಂದ ಯಾರೋ ಸೇರಿಸಿದರು. ಎಲ್ಲರೂ ನಕ್ಕರು, ಅಧ್ಯಕ್ಷರೂ ನಕ್ಕರು. ಹೀಗೆ 180 ಗಂಟೆಗಳಿಗೆ ಪಂದ್ಯಾವಳಿ ಇಳಿಯಿತು.

ಕೊನೆಗೆ ಎಂಟು ಚಟುವಟಿಕೆಗಳು ನಿಂತವು: ಓದು-ಬರಹದ ನೆರವಿಗೆ ವಾರಕ್ಕೆ ಐದು ಗಂಟೆಯಂತೆ 48 ವಾರಗಳಿಗೆ 240, ಪಂದ್ಯಾವಳಿಗೆ 180, ರಕ್ತದಾನ ಶಿಬಿರಕ್ಕೆ 110, ವಾರ್ಷಿಕೋತ್ಸವಕ್ಕೆ 100, ಹೊಸಬರಿಗೆ ಜೊತೆಗಾರರನ್ನು ಕೊಡುವ ವ್ಯವಸ್ಥೆಗೆ 96, ಪ್ರಥಮ ಚಿಕಿತ್ಸೆಯ ಶಿಬಿರ, ಪತ್ರ ಮತ್ತು ಲೆಕ್ಕ ಬರೆಯುವ ಕಮ್ಮಟ, ಚಾರಣ ಈ ಮೂರಕ್ಕೆ ತಲಾ 60. ಒಟ್ಟು 906 ಗಂಟೆ. ಉಳಿದ 282 ಗಂಟೆಗಳನ್ನು ಯಾವುದಕ್ಕೂ ಹಂಚಲಿಲ್ಲ. ಖಾಲಿ ಬಿಟ್ಟ ಈ ಜಾಗವನ್ನು ಏನಾದರೂ ಸೇರಿಸಿ ತುಂಬಬೇಕೆಂಬ ಒತ್ತಾಯ ಬಂದಾಗ ಖಜಾಂಚಿ ಒಪ್ಪಲಿಲ್ಲ. ಹಣದಲ್ಲಿ ಆಪತ್ತಿಗೆಂದು ಐದನೇ ಒಂದು ಪಾಲು ತೆಗೆದಿಡುವ ಹಾಗೆಯೇ ಇದೂ ಎಂದರು. ಮಕ್ಕಳ ಓದಿನ ಕೆಲಸಕ್ಕೆ ಮಾತ್ರ ಎರಡು ಕಟ್ಟುನಿಟ್ಟಿನ ಷರತ್ತುಗಳನ್ನು ಬರೆದುಕೊಂಡೆವು: ಪ್ರತಿ ಮಗುವಿನ ಪಾಲಕರ ಲಿಖಿತ ಒಪ್ಪಿಗೆ ಇರಬೇಕು, ಯಾವ ಸದಸ್ಯರೂ ಮಗುವಿನೊಡನೆ ಒಂಟಿಯಾಗಿ ಇರಬಾರದು, ಸದಾ ಇಬ್ಬರು ಇರಬೇಕು.

ದಿನ ಮುಗಿಯುವ ಮುನ್ನ, ಮನೋವಿಜ್ಞಾನಿ ಗ್ಯಾರಿ ಕ್ಲೈನ್ 2007ರ ಲೇಖನವೊಂದರಲ್ಲಿ ವಿವರಿಸಿದ ಒಂದು ಅಭ್ಯಾಸವನ್ನು ಮಾಡಿಸಿದೆ. ವರ್ಷ ಮುಗಿದಿದೆ, ಯೋಜನೆ ಸಂಪೂರ್ಣವಾಗಿ ಕೆಟ್ಟಿದೆ ಎಂದೇ ಭಾವಿಸಿ, ಏಕೆ ಕೆಟ್ಟಿತು ಎಂದು ಎಲ್ಲರೂ ಬರೆಯಬೇಕು. ಕೆಡಬಹುದೇ ಎಂದು ಕೇಳಿದರೆ ಸೌಜನ್ಯಕ್ಕೆ ಇಲ್ಲವೆನ್ನುವವರು, ಕೆಟ್ಟಾಯಿತು ಎಂದಾಗ ಧಾರಾಳವಾಗಿ ಕಾರಣ ಕೊಡುತ್ತಾರೆ. ಚೀಟಿಗಳಲ್ಲಿ ಬಂದ ಕಾರಣಗಳು ಇಂಥವು: ಖಜಾಂಚಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು. ಕೋಣೆಯ ಬೀಗದ ಕೈ ಒಬ್ಬರ ಹತ್ತಿರವೇ ಉಳಿಯಿತು. ವಾಟ್ಸಾಪ್ ಗುಂಪಿನಲ್ಲಿ ಜಗಳವಾಗಿ ಆರು ಮಂದಿ ಹೊರಬಿದ್ದರು. ಮುಂದಾಳಾದ ಹೊಸಬನ ಮಾತನ್ನು ಹಿರಿಯರು ಕೇಳಲಿಲ್ಲ. ಕೊನೆಯ ಕಾರಣ ಏಳು ಚೀಟಿಗಳಲ್ಲಿತ್ತು. ಪ್ರತಿ ಹೊಣೆಗೂ ಎರಡನೆಯ ಹೆಸರೊಂದು ಇರಬೇಕು, ಬೀಗದ ಕೈ ಮೂರು ಆಗಬೇಕು ಎಂಬ ನಿರ್ಧಾರಗಳು ಹುಟ್ಟಿದ್ದು ಈ ಚೀಟಿಗಳಿಂದ. ಹಿರಿಯರು ಮಾತು ಕೇಳದಿರುವುದಕ್ಕೆ ಮಾತ್ರ ಯಾವ ನಿಯಮವನ್ನೂ ಬರೆಯಲಾಗಲಿಲ್ಲ.

ವರ್ಷ ನಡೆದ ರೀತಿ

ಮೂರು ತಿಂಗಳಿಗೊಮ್ಮೆ ಪರಿಶೀಲನೆ ನಡೆಯಿತು. ಎಂಟರಲ್ಲಿ ಆರು ನಡೆದವು. ಚಾರಣವನ್ನು ಆರನೆಯ ತಿಂಗಳ ಪರಿಶೀಲನೆಯಲ್ಲಿ ಸಂಘವೇ ಕೈಬಿಟ್ಟಿತು, ಏಕೆಂದರೆ ಓದು-ಬರಹದ ನೆರವು ಅಂದಾಜಿಗಿಂತ ಹೆಚ್ಚು ಗಂಟೆಗಳನ್ನು ಕೇಳುತ್ತಿತ್ತು. ರಕ್ತದಾನ ಶಿಬಿರ ಸೋತಿತು. ರಕ್ತನಿಧಿಯ ತಂಡ ಯಾವ ದಿನ ಬರಲು ಸಾಧ್ಯ ಎಂದು ವಿಚಾರಿಸುವ ಮೊದಲೇ ನಾವು ನಮ್ಮ ದಿನವನ್ನು ಗೊತ್ತುಮಾಡಿ ಸಭಾಂಗಣವನ್ನೂ ಕೇಳಿಟ್ಟಿದ್ದೆವು. ಎರಡು ಸಲ ಮುಂದೂಡಿ ಕೊನೆಗೆ ಬಿಟ್ಟೆವು. ಹೊರಗಿನವರ ಸಹಕಾರ ಬೇಕಾದ ಕೆಲಸಕ್ಕೆ ಅವರ ದಿನವೇ ಮೊದಲು, ನಮ್ಮದು ಆಮೇಲೆ ಎಂಬ ಸರಳ ವಿಷಯ 27 ಮಂದಿಯಲ್ಲಿ ಯಾರಿಗೂ, ನನಗೂ, ಹೊಳೆದಿರಲಿಲ್ಲ.

ಗುರಿಗಳ ಪೈಕಿ ಓದಿನ ನೆರವು 48 ವಾರಗಳಲ್ಲಿ 41 ವಾರ ನಡೆಯಿತು. ಮುಂದಾಳುತನ ವಹಿಸಬೇಕಿದ್ದ 12ರಲ್ಲಿ ಒಂಬತ್ತು ಮಂದಿ ಕೆಲಸವನ್ನು ಲೆಕ್ಕ ಒಪ್ಪಿಸುವವರೆಗೂ ನಡೆಸಿದರು. ಉಳಿದ ಮೂವರಲ್ಲಿ ಇಬ್ಬರು ನಡುವೆಯೇ ಬಿಟ್ಟದ್ದು ಹಿರಿಯರೊಬ್ಬರು ಪದೇ ಪದೇ ಕೈಹಾಕಿದ್ದರಿಂದ. ಹೊಸದಾಗಿ ಸೇರಿದ 17 ಮಂದಿಯಲ್ಲಿ ಆರು ತಿಂಗಳ ನಂತರ ಉಳಿದವರು 10. ಮೂರನೇ ಎರಡರ ಗುರಿ ಮುಟ್ಟಲು ಇನ್ನಿಬ್ಬರು ಬೇಕಿತ್ತು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಇದು ಬಹಳ ಮೇಲು, ಆದರೂ ವಾರ್ಷಿಕ ವರದಿಯಲ್ಲಿ 'ಗುರಿ ತಲುಪಲಿಲ್ಲ' ಎಂದೇ ಬರೆಯಬೇಕೆಂದು ಕಾರ್ಯದರ್ಶಿಗಳು ಹಟ ಹಿಡಿದರು. ಒಂದು ವರ್ಷದ ಹಿಂದೆ ಆಸಕ್ತಿ ಇಲ್ಲದವರ ಬಗ್ಗೆ ದೂರುತ್ತ ಬಂದವರು ಅವರೇ.

ಪಂದ್ಯಾವಳಿ ಅಂದಾಜಿಗಿಂತ ಮೂವತ್ತು ಗಂಟೆ ಹೆಚ್ಚು ತಿಂದಿತು. ಗೆರೆ ಎಳೆದದ್ದು ಸೊಟ್ಟಗಾಗಿ ಒಂದು ಸಲ ಅಳಿಸಿ ಎಳೆಯಬೇಕಾಯಿತು, ಅಧ್ಯಕ್ಷರು ದೂರದಲ್ಲಿ ಕೈಕಟ್ಟಿ ನಿಂತು ನೋಡಿದರು, ಅಷ್ಟೆ. ಸಂಜೆ ಪೊರಕೆ ಹಿಡಿದವರಲ್ಲಿ ಅವರೂ ಒಬ್ಬರು.

ಬಗೆಹರಿಯದೆ ಉಳಿದದ್ದು ಸಭೆಯ ಸಮಯ. ಹುಡುಗಿಯರಿಗಾಗಿ ಸಭೆಯನ್ನು ಒಂದೂವರೆ ಗಂಟೆ ಮುಂಚೆ ಆರಂಭಿಸಿದ್ದರಿಂದ ನಿಂತುಹೋಗಿದ್ದ ಮೂವರು ಮರಳಿ ಬಂದರು, ಆದರೆ ಕೆಲಸ ಮುಗಿಸಿ ಬರುವ ಐವರು ಉದ್ಯೋಗಸ್ಥರ ಹಾಜರಿ ಅರ್ಧಕ್ಕಿಳಿಯಿತು. ತಿಂಗಳಿಗೊಂದು ಸಭೆಯನ್ನು ಬೆಳಗ್ಗೆ ಇಟ್ಟು ನೋಡಿದರೆ ಹೇಗೆ ಎಂಬ ಸಲಹೆ ಬಂದಿದೆ. ಕುರ್ಚಿಗಳ ಮಾತು ಹೇಳಿದ್ದ ಹುಡುಗಿ ಈಗ ನಡಾವಳಿ ಬರೆಯುತ್ತಾಳೆ. ಈಚಿನ ಪುಟದಲ್ಲಿ ಈ ವಿಷಯದ ಕೆಳಗೆ ಉದ್ಯೋಗಸ್ಥರೊಬ್ಬರ ಹೆಸರು, ತನ್ನದೊಂದು ಹೆಸರು, ಎರಡೂ ಕಡೆಯವರನ್ನು ಕೇಳಿ ಉತ್ತರ ತರಬೇಕಾದ ತಾರೀಕು, ಇಷ್ಟನ್ನು ಬರೆದಿದ್ದಾಳೆ.